ಬಿಸಿಲ ಸೀಮೆಯ ಮನೆ ಮತ್ತು ಹೊಲದಲ್ಲಿ ಸೂಕ್ಷ್ಮಜೀವಿಗಳನ್ನು ಪಳಗಿಸುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ ಹೊರಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ತಗಡಿನ ಮಾಡಿನ ಅಡುಗೆಮನೆಯೊಳಗೆ ಅದಕ್ಕಿಂತ ಹೆಚ್ಚೂ ಇರಬಹುದು. ಮನುಷ್ಯನ ಮೈಯ ಉಷ್ಣತೆ ಸುಮಾರು 37 ಡಿಗ್ರಿ. ನಮ್ಮ ಹೊಟ್ಟೆಯನ್ನು ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಅತ್ಯಂತ ಹಿತವಾದ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಬೇಸಿಗೆಯ ಮೂರು ತಿಂಗಳು ನಮ್ಮ ಅಡುಗೆಮನೆಯ ಕಟ್ಟೆಯೇ ಸೂಕ್ಷ್ಮಜೀವಿಗಳನ್ನು ಬೆಳೆಸುವ ಪ್ರಯೋಗಾಲಯದ ಪೆಟ್ಟಿಗೆಯಾಗಿರುತ್ತದೆ. ಹಾಲನ್ನು ಮೊಸರು ಮಾಡುವ ಜೀವಿಯೂ ಅಲ್ಲಿ ಬೇಗ ಬೆಳೆಯುತ್ತದೆ, ಉಳಿದ ಅನ್ನವನ್ನು ವಿಷ ಮಾಡುವ ಜೀವಿಯೂ ಬೇಗ ಬೆಳೆಯುತ್ತದೆ. ತಂಪು ಸೀಮೆಯವರು ಬರೆದ ಪುಸ್ತಕಗಳು ಹೇಳುವ ‘ಕೋಣೆಯ ಉಷ್ಣತೆ’ 20ರಿಂದ 25 ಡಿಗ್ರಿ. ಆ ಲೆಕ್ಕದ ಗಂಟೆಗಳನ್ನು ಇಲ್ಲಿ ಹಾಗೆಯೇ ನಂಬಿದರೆ ಮೊಸರು ಹುಳಿಯಾಗುತ್ತದೆ, ಸಾರು ಹಳಸುತ್ತದೆ. ಈ ಮಾರ್ಗದರ್ಶಿಯಲ್ಲಿರುವ ಕ್ರಮಗಳನ್ನು ನಮ್ಮ ಬಿಸಿಲಿಗೆ, ನಮ್ಮ ನೀರಿಗೆ, ನಮ್ಮ ಬೆಳೆಗಳಿಗೆ ಹೊಂದುವಂತೆ ವಿವರಿಸಲಾಗಿದೆ.

ಹಂತ 1: ನಾಲ್ಕು ಕೀಲಿಗಳನ್ನು ಅರಿಯುವುದು

ಬ್ಯಾಕ್ಟೀರಿಯಾ, ಬೂಷ್ಟು ಮತ್ತು ಯೀಸ್ಟ್ ಬೆಳೆಯಬೇಕಾದರೆ ಆಹಾರದ ಜೊತೆಗೆ ಬೆಚ್ಚಗಿನ ಉಷ್ಣತೆ, ತೇವ, ಸಮಯ ಮತ್ತು ಹೆಚ್ಚು ಹುಳಿಯಾಗಲಿ ಉಪ್ಪಾಗಲಿ ಇಲ್ಲದ ಪರಿಸರ ಬೇಕು. ಈ ನಾಲ್ಕರಲ್ಲಿ ಒಂದನ್ನು ಬಿಗಿಯಾಗಿ ಹಿಡಿದರೂ ಬೆಳವಣಿಗೆ ನಿಧಾನವಾಗುತ್ತದೆ ಅಥವಾ ನಿಲ್ಲುತ್ತದೆ. ವೈರಸ್‌ಗಳ ಮಾತು ಬೇರೆ. ಅವು ಜೀವಂತ ಕೋಶದ ಹೊರಗೆ ಬೆಳೆಯಲಾರವು, ಆದರೆ ನೀರು, ಕೈ, ಗಾಳಿ ಮತ್ತು ಕೀಟಗಳ ಮೂಲಕ ಸಾಗಬಲ್ಲವು.

ಸಮಯದ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡುವುದು ಒಳ್ಳೆಯದು. ಅನುಕೂಲಕರ ಉಷ್ಣತೆಯಲ್ಲಿ ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಒಂದು ಗಂಟೆಗೆ ಒಂದು ಎಂಟಾದರೆ, ಏಳು ಗಂಟೆಯಲ್ಲಿ 21 ಸಲ ಇಮ್ಮಡಿಯಾಗಿ 20 ಲಕ್ಷ ದಾಟುತ್ತದೆ. ಬೆಳಿಗ್ಗೆ ಎಂಟಕ್ಕೆ ಮಾಡಿದ ಪಲ್ಯವನ್ನು ಮಧ್ಯಾಹ್ನ ಮೂರಕ್ಕೆ ಉಣ್ಣುವವರು ಈ ಲೆಕ್ಕವನ್ನು ಮರೆಯಬಾರದು.

ತೇವದ ಬಗ್ಗೆ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಯವರು ಜೋಳದ ರೊಟ್ಟಿಗಳನ್ನು ಮುಂಚಿತವಾಗಿಯೇ ಬಡಿದು, ಒಣಗಿಸಿ, ಬಂಡಿಗಳಲ್ಲಿ ಹೇರಿಕೊಂಡು ಬರುತ್ತಾರೆ. ಲಕ್ಷಾಂತರ ರೊಟ್ಟಿಗಳು ಯಾವ ಶೀತಲ ಕೋಣೆಯೂ ಇಲ್ಲದೆ ಕೆಡದೆ ಉಳಿಯುತ್ತವೆ. ರೊಟ್ಟಿ ಖಡಕ್ಕಾದಾಗ ಅದರಲ್ಲಿ ಸೂಕ್ಷ್ಮಜೀವಿಗೆ ಸಿಗುವಷ್ಟು ನೀರು ಉಳಿದಿರುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಆಹಾರದಲ್ಲಿ ಲಭ್ಯವಿರುವ ನೀರನ್ನು ವಿಜ್ಞಾನಿಗಳು 0ಯಿಂದ 1ರವರೆಗಿನ ಅಳತೆಯಲ್ಲಿ ಸೂಚಿಸುತ್ತಾರೆ, ಅದು 0.6ಕ್ಕಿಂತ ಕೆಳಗಿಳಿದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಅದೇ ರೊಟ್ಟಿಯನ್ನು ಮೆತ್ತಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಎರಡು ಮೂರು ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಹಂತ 2: ಕುಡಿಯುವ ನೀರನ್ನು ಸಿದ್ಧಪಡಿಸುವುದು

ಹಾನಿಯ ಲೆಕ್ಕದಲ್ಲಿ ನೀರಿಗೆ ಮೊದಲ ಸ್ಥಾನ ಕೊಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಅನೇಕ ಊರುಗಳು ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದೇ ನೀರನ್ನು ಬೇಸಿಗೆಯಿಡೀ ಕುಡಿಯುತ್ತವೆ. ನಿಂತ ನೀರು ಇಳಿದಷ್ಟೂ ಕೆಸರು ಹೆಚ್ಚುತ್ತದೆ. ಪಟ್ಟಣಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಅಥವಾ ಇನ್ನೂ ತಡವಾಗಿ ಬರುವುದರಿಂದ ಕೊಳವೆ ಖಾಲಿಯಾದಾಗ ಸುತ್ತಲಿನ ಚರಂಡಿಯ ನೀರು ಬಿರುಕುಗಳ ಮೂಲಕ ಒಳಗೆ ಹೀರಿಕೊಳ್ಳುವ ಅಪಾಯವಿದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ವಾಂತಿಭೇದಿ ಹರಡಿ ಸಾವುಗಳು ಸಂಭವಿಸಿದ್ದು ಇಲ್ಲಿಯವರಿಗೆ ನೆನಪಿದೆ. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಹೆಪಟೈಟಿಸ್ ಎ ಮತ್ತು ಇ ಇವೆಲ್ಲವೂ ಮಲದ ಅಂಶ ಬೆರೆತ ನೀರಿನ ದಾರಿಯಲ್ಲಿಯೇ ಬರುತ್ತವೆ.

ಮೊದಲು ನೀರನ್ನು ತಿಳಿಗೊಳಿಸಬೇಕು. ಕೆಂಪು ನೀರಿನಲ್ಲಿ ಕ್ಲೋರಿನ್ ಹಾಕಿದರೆ ಅದರ ಬಹುಪಾಲು ಕೆಸರಿನ ಮೇಲೆಯೇ ವ್ಯಯವಾಗಿ ರೋಗಾಣುಗಳಿಗೆ ಉಳಿಯುವುದು ಕಡಿಮೆ. ಕೊಡವನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ದಪ್ಪ ಹತ್ತಿ ಬಟ್ಟೆಯ ನಾಲ್ಕು ಮಡಿಕೆಯಲ್ಲಿ ಸೋಸಬೇಕು. ಸೋಸಿದ ಮಾತ್ರಕ್ಕೆ ನೀರು ಶುದ್ಧವಾಗುವುದಿಲ್ಲ. ಬ್ಯಾಕ್ಟೀರಿಯಾಗಳು ಬಟ್ಟೆಯ ಎಳೆಗಳ ನಡುವೆ ಸುಲಭವಾಗಿ ನುಸುಳುತ್ತವೆ.

ನಂತರ ಕುದಿಸುವುದು ಅಥವಾ ಕ್ಲೋರಿನ್ ಹಾಕುವುದು, ಎರಡರಲ್ಲಿ ಒಂದು ಆಗಲೇಬೇಕು. ಕುದಿಸುವುದಾದರೆ ನೀರು ಕೊತಕೊತನೆ ಕುದಿಯತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿದರೆ ಸಾಕು. ಅರ್ಧ ಗಂಟೆ ಕುದಿಸಿ ಗ್ಯಾಸ್ ಸುಡಬೇಕಾಗಿಲ್ಲ. ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿ ಆರಿಸಬೇಕು, ತೊಳೆಯದ ಬೇರೆ ಕೊಡಕ್ಕೆ ಸುರಿದರೆ ಪಟ್ಟ ಶ್ರಮ ವ್ಯರ್ಥ. ಕ್ಲೋರಿನ್ ಮಾತ್ರೆಯಾದರೆ, ಆರೋಗ್ಯ ಕಾರ್ಯಕರ್ತೆಯರು ಹಂಚುವ 0.5 ಗ್ರಾಂ ಮಾತ್ರೆ ಸಾಮಾನ್ಯವಾಗಿ 20 ಲೀಟರ್ ನೀರಿಗೆ ಒಂದು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಬೇಕು. ಮಾತ್ರೆಯನ್ನು ಪುಡಿ ಮಾಡಿ ಕಲಕಿ, ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಕುಡಿಯಬೇಕು.

ಮನೆಯ ನೆಲದಡಿಯ ಸಂಪ್‌ಗೆ ಅಥವಾ ಸಿಂಟೆಕ್ಸ್ ತೊಟ್ಟಿಗೆ ಬ್ಲೀಚಿಂಗ್ ಪುಡಿ ಬಳಸುವವರು 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿಯ ಲೆಕ್ಕ ಹಿಡಿಯಬಹುದು. ಪುಡಿಯನ್ನು ನೇರವಾಗಿ ತೊಟ್ಟಿಗೆ ಎರಚಬಾರದು. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಸುಣ್ಣ ತಳಕ್ಕಿಳಿಯಲು ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಸುರಿದು ಒಂದು ಗಂಟೆ ಕಾಯಬೇಕು. ಈ ಕೆಲಸವನ್ನು ಸಂಜೆ ಮಾಡುವುದು ಲೇಸು, ಏಕೆಂದರೆ ಬಿಸಿಲು ಕ್ಲೋರಿನ್‌ನ ಶಕ್ತಿಯನ್ನು ಕುಂದಿಸುತ್ತದೆ. ಬಾಯಿ ತೆರೆದಿಟ್ಟ ಹಳೆಯ ಪುಡಿಗೆ ಘಾಟು ಇರುವುದಿಲ್ಲ, ಶಕ್ತಿಯೂ ಇರುವುದಿಲ್ಲ. ಕುಡಿಯುವ ಹೊತ್ತಿಗೆ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಆ ಸಣ್ಣ ವಾಸನೆಗೆ ಮೂಗು ಮುರಿಯುವವರು ಅದೇ ತಮ್ಮ ಕಾವಲು ಎಂಬುದನ್ನು ತಿಳಿಯಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಮೂರೂ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅದು ಜೀವಿಯಲ್ಲ, ಲವಣ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗುವುದರಿಂದ ಇನ್ನಷ್ಟು ಸಾಂದ್ರವಾಗುತ್ತದೆ. ಅಂಥ ಊರಿನವರಿಗೆ ಕುಡಿಯಲು ಊರಿನ ಶುದ್ಧ ಕುಡಿಯುವ ನೀರಿನ ಘಟಕ ಅಥವಾ ಬೇರೆ ಮೂಲವೇ ದಾರಿ.

ಸಂಗ್ರಹದ ನಿಯಮ ಎರಡು. ಕುಡಿಯುವ ಹರವಿಗೆ ಕೈ ಅದ್ದುವ ಚೊಂಬಿನ ಬದಲು ಉದ್ದ ಹಿಡಿಕೆಯ ಸೌಟು ಅಥವಾ ಕೆಳಗೆ ನಲ್ಲಿ ಇರಬೇಕು. ಬಳಕೆಯ ನೀರಿನ ತೊಟ್ಟಿ, ಡ್ರಮ್ಮು, ಕಲ್ಲಿನ ದೋಣಿ ಎಲ್ಲವನ್ನೂ ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಮೈಯನ್ನು ತಿಕ್ಕಿ, ಒಣಗಿಸಿ ತುಂಬಿಸಬೇಕು. ಡೆಂಗಿ ವೈರಸ್ ಸಾಗಿಸುವ ಈಡಿಸ್ ಸೊಳ್ಳೆ ಸ್ವಚ್ಛ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ, ಮತ್ತು ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಸೆಖೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಮೊಟ್ಟೆಗಳು ತೊಟ್ಟಿಯ ಗೋಡೆಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು, ತಿಕ್ಕಲೇಬೇಕು.

ಹಂತ 3: ಹೆಪ್ಪು ಹಾಕುವುದು ಮತ್ತು ಹುದುಗಿಸುವುದು

ಮೊಸರು ಮಾಡುವುದೆಂದರೆ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಸಾಕುವುದು. ಹಾಲನ್ನು ಚೆನ್ನಾಗಿ ಕುದಿಸಿದಾಗ ಅದರಲ್ಲಿದ್ದ ಬೇಡದ ಜೀವಿಗಳಲ್ಲಿ ಬಹುಪಾಲು ಸಾಯುತ್ತವೆ. ಬಳಿಕ ಹಾಕುವ ಹೆಪ್ಪಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್, ಲ್ಯಾಕ್ಟೋಕಾಕಸ್, ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮುಂತಾದ ಬ್ಯಾಕ್ಟೀರಿಯಾಗಳು ಖಾಲಿ ಹೊಲವನ್ನು ಹಿಡಿದುಕೊಂಡು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲೀಯತೆ ಪಿಎಚ್ 4.6ರ ಸಮೀಪ ಬಂದಾಗ ಕೇಸಿನ್ ಎಂಬ ಪ್ರೋಟೀನು ಗಟ್ಟಿಯಾಗಿ ಹಾಲು ಹೆಪ್ಪುಗಟ್ಟುತ್ತದೆ. ಆ ಹುಳಿಯಲ್ಲಿ ಬಹುತೇಕ ರೋಗಾಣುಗಳು ಬೆಳೆಯಲಾರವು. ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಮೊಸರು ಕಲಸಿದ ಅನ್ನ ಸಾರು ಕಲಸಿದ ಅನ್ನಕ್ಕಿಂತ ಹೆಚ್ಚು ಹೊತ್ತು ತಾಳುವುದರ ಗುಟ್ಟು ಇದೇ.

ಕ್ರಮ ಹೀಗಿದೆ. ಹಾಲನ್ನು ಉಕ್ಕಿದ ಮೇಲೂ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ. ಬೆರಳದ್ದಿದರೆ ಹಿತವಾದ ಬಿಸಿ ತಾಗುವಷ್ಟು, ಅಂದರೆ 40ರಿಂದ 43 ಡಿಗ್ರಿಗೆ ಆರಿಸಿ. ಕೈ ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪಿನ ಜೀವಿಗಳೇ ಸಾಯುತ್ತವೆ. ಬೇಸಿಗೆಯಲ್ಲಿ ಲೀಟರ್ ಹಾಲಿಗೆ ಒಂದು ಸಣ್ಣ ಚಮಚ ಹೆಪ್ಪು ಸಾಕು, ಚಳಿಗಾಲದಲ್ಲಿ ಎರಡು ಮೂರು ಚಮಚ ಬೇಕು. ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿ, ಮುಚ್ಚಿ, ಅಲುಗಿಸದೆ ಇಡಿ. ಏಪ್ರಿಲ್‌ನಲ್ಲಿ ನಾಲ್ಕೈದು ಗಂಟೆಗೆ ಮೊಸರಾಗುವುದರಿಂದ ರಾತ್ರಿ ಎಂಟಕ್ಕೆ ಹೆಪ್ಪು ಹಾಕಿ ಬೆಳಿಗ್ಗೆ ಎಂಟಕ್ಕೆ ನೋಡಿದರೆ ಹುಳಿ ಮೀರಿರುತ್ತದೆ. ಮಲಗುವ ಹೊತ್ತಿಗೆ ಹಾಕಿ, ಎದ್ದ ಕೂಡಲೇ ತಂಪಿನಲ್ಲಿಡುವುದೇ ಉಪಾಯ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿ, ಗಡಿಗೆಯನ್ನು ತೋಯಿಸಿದ ಮರಳಿನ ಮೇಲಿಟ್ಟರೆ ಮೈಯಿಂದ ನೀರು ಆವಿಯಾಗುತ್ತ ತಂಪು ಉಳಿಯುತ್ತದೆ. ನಮ್ಮ ಒಣಹವೆಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ಫಲಿಸುತ್ತದೆ. ಡಿಸೆಂಬರ್ ರಾತ್ರಿಗಳಲ್ಲಿ ಪಾತ್ರೆಗೆ ಕಂಬಳಿ ಸುತ್ತಬೇಕು.

ಕೆಟ್ಟ ಮೊಸರನ್ನು ಗುರುತಿಸುವುದೂ ಈ ಹಂತದ ಭಾಗವೇ. ಎಳೆ ಎಳೆಯಾಗಿ ಲೋಳೆ ಬಂದರೆ ಹೆಪ್ಪಿನಲ್ಲಿ ಲೋಳೆ ಉತ್ಪಾದಿಸುವ ತಳಿಗಳು ಮೇಲುಗೈ ಪಡೆದಿವೆ ಎಂದರ್ಥ. ಪಕ್ಕದ ಮನೆಯಿಂದ ಹೊಸ ಹೆಪ್ಪು ತರಬೇಕು. ಮೊಸರಿನಲ್ಲಿ ಗುಳ್ಳೆಗಳೆದ್ದು ಕಹಿಯೋ ಹೆಂಡದ ವಾಸನೆಯೋ ಬಂದರೆ ಅದನ್ನು ಒಗ್ಗರಣೆ ಹಾಕಿ ಉಳಿಸಿಕೊಳ್ಳುವ ಯತ್ನ ಬೇಡ, ಚೆಲ್ಲಬೇಕು. ಬಣ್ಣದ ಬೂಷ್ಟು ಕಂಡರೂ ಅಷ್ಟೇ: ಮೇಲಿನ ಪದರ ತೆಗೆದರೆ ಸಾಲದು, ಮೆತ್ತನೆಯ ಆಹಾರದಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗಿಳಿದಿರುತ್ತವೆ.

ಇಡ್ಲಿ, ದೋಸೆಯ ಹಿಟ್ಟಿನಲ್ಲಿ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಇದಕ್ಕೆ ಹೆಪ್ಪು ಬೇಕಾಗಿಲ್ಲ, ಉದ್ದು ಅಕ್ಕಿಗಳ ಮೈಮೇಲೆಯೇ ಅದು ಬಂದಿರುತ್ತದೆ. ಆದ್ದರಿಂದಲೇ ಬೇಳೆಯನ್ನು ಅತಿಯಾಗಿ ತಿಕ್ಕಿ ತೊಳೆಯಬಾರದು. ಬೇಸಿಗೆಯಲ್ಲಿ ಆರು ಗಂಟೆಗೇ ಉಬ್ಬಿ ಹುಳಿಯಾಗುವ ಹಿಟ್ಟಿಗೆ ಉಪ್ಪನ್ನು ರುಬ್ಬುವಾಗಲೇ ಸೇರಿಸಿದರೆ ವೇಗ ಸ್ವಲ್ಪ ತಗ್ಗುತ್ತದೆ. ಜೋಳದ ಅಂಬಲಿಗೆ ಹಿಟ್ಟನ್ನು ನೀರಿನಲ್ಲಿ ಕದಡಿ ರಾತ್ರಿ ಹುಳಿಯಲು ಬಿಟ್ಟು, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸುವುದು ರೂಢಿ. ಹಿಟ್ಟು ಹುಳಿಯುವಾಗ ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಡಿಮೆಯಾಗಿ ಕಬ್ಬಿಣ, ಸತುವು ಮೈಗೆ ಹೀರುವುದು ಸುಲಭವಾಗುತ್ತದೆ. ಅಂಬಲಿಯನ್ನು ಬಡವರ ಊಟವೆಂದು ಕಡೆಗಣಿಸಿದವರು ಈಗ ಅದನ್ನೇ ಬಾಟಲಿಯಲ್ಲಿ ಕೊಂಡು ಕುಡಿಯುತ್ತಿರುವುದು ಬೇರೆ ಮಾತು.

ಹಂತ 4: ಬೇಯಿಸಿದ ಆಹಾರವನ್ನು ಕಾಯುವುದು

ಬೇಯಿಸಿದರೆ ಎಲ್ಲವೂ ಸಾಯುತ್ತವೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಕುದಿಯುವ ಬಿಸಿಯನ್ನೂ ತಡೆದುಕೊಂಡು ಉಳಿಯುತ್ತವೆ. ಅನ್ನ ಆರುತ್ತ ಬೆಚ್ಚಗೆ ಉಳಿದಾಗ ಮೊಳೆತು, ಬೆಳೆದು, ವಾಂತಿ ಬರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ, ಚಿತ್ರಾನ್ನ ಮಾಡಿ ಹುರಿದರೂ ನಾಶವಾಗುವುದಿಲ್ಲ. ಕೈಯ ಗಾಯ ಅಥವಾ ಮೂಗಿನಿಂದ ಆಹಾರಕ್ಕೆ ಬರುವ ಸ್ಟ್ಯಾಫಿಲೊಕಾಕಸ್‌ನ ವಿಷವೂ ಇಂಥದ್ದೇ. ‘ಬಿಸಿ ಮಾಡಿ ಉಂಡರೆ ಏನೂ ಆಗುವುದಿಲ್ಲ’ ಎಂಬ ಮಾತನ್ನು ಆದ್ದರಿಂದ ಬಿಡಬೇಕು.

ಪಾಲಿಸಬೇಕಾದ ನಿಯಮ ಇದು: ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಅಥವಾ 5 ಡಿಗ್ರಿಗಿಂತ ತಣ್ಣಗಿರಬೇಕು, ನಡುವಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ನಮ್ಮ ಬೇಸಿಗೆಗೆ ಅನ್ವಯವಾಗುವುದು ಈ ಎರಡನೆಯ ಲೆಕ್ಕ. ಉಳಿದ ಅನ್ನವನ್ನು ದೊಡ್ಡ ಪಾತ್ರೆಯಲ್ಲಿ ಗುಡ್ಡೆಯಾಗಿ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಇಡಬೇಕು. ವಿದ್ಯುತ್ ಪದೇ ಪದೇ ಹೋಗುವ ಊರುಗಳಲ್ಲಿ ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ ಎಂಬ ಲೆಕ್ಕ ನೆನಪಿರಲಿ. ಮದುವೆ, ಜಾತ್ರೆಗಳ ಅಡುಗೆಯಲ್ಲಿ ಮೊದಲ ಪಂಕ್ತಿಗೂ ಕೊನೆಯ ಪಂಕ್ತಿಗೂ ನಡುವೆ ಐದಾರು ಗಂಟೆ ಕಳೆಯುವುದುಂಟು. ಅಂಥಲ್ಲಿ ಒಂದೇ ಸಲ ಬೇಯಿಸಿ ಗುಡ್ಡೆ ಹಾಕುವುದಕ್ಕಿಂತ ಎರಡು ಮೂರು ಸಲ ಅನ್ನ ಬೇಯಿಸುವಂತೆ ಅಡುಗೆಯವರಿಗೆ ಹೇಳಬೇಕು.

ಕೈ ತೊಳೆಯುವ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಮಾತು: ಸಾಬೂನು ಹಚ್ಚಿ 20 ಸೆಕೆಂಡು ತಿಕ್ಕಬೇಕು, ಮತ್ತು ಶೌಚದ ನಂತರದಷ್ಟೇ ದನದ ಕೊಟ್ಟಿಗೆಯಿಂದ ಬಂದ ನಂತರವೂ ತಿಕ್ಕಬೇಕು.

ಹಂತ 5: ಶೇಂಗಾ, ಮೆಣಸಿನಕಾಯಿ ಮತ್ತು ಕಾಳುಗಳನ್ನು ಒಣಗಿಸಿ ಇಡುವುದು

ಈ ಹಂತವನ್ನು ರೈತರ ಮನೆಯವರು ಎರಡು ಸಲ ಓದುವುದು ಒಳ್ಳೆಯದು, ಏಕೆಂದರೆ ಇಲ್ಲಿನ ಹಾನಿ ಆ ದಿನ ಕಾಣಿಸುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆದು ವಿಷ ಬಿಟ್ಟಿದ್ದು ಪತ್ತೆಯಾಯಿತು. ಅದನ್ನೇ ಅಫ್ಲಾಟಾಕ್ಸಿನ್ ಎನ್ನುತ್ತಾರೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. ಮನೆಯಲ್ಲಿ ಹುರಿಯುವ, ಬೇಯಿಸುವ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಕೊಯ್ಲಿಗೆ ಮುಂಚಿನ ನಾಲ್ಕಾರು ವಾರ ಮಳೆ ಕೈಕೊಟ್ಟು ಮಣ್ಣು ಕಾದರೆ ಹೊಲದಲ್ಲಿಯೇ ಕಾಯಿಗೆ ಈ ಶಿಲೀಂಧ್ರ ತಗಲುತ್ತದೆ, ಆ ಪರಿಸ್ಥಿತಿ ನಮ್ಮ ಒಣಬೇಸಾಯಕ್ಕೆ ಹೊಸದಲ್ಲ. ಆದ್ದರಿಂದ ನೀರಿನ ಅನುಕೂಲವಿದ್ದವರು ಕೊನೆಯ ಹಂತದಲ್ಲಿ ಒಂದು ಹಾಯಿಸುವಿಕೆಯನ್ನು ತಪ್ಪಿಸಬಾರದು.

ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಮಗುಚಿ ಸಾಲಾಗಿ ಒಣಗಿಸಬೇಕು. ಕಾಯಿ ನೆಲಕ್ಕೆ ತಾಗಿದರೆ ಮಣ್ಣಿನ ತೇವ ಅದಕ್ಕೆ ಏರುತ್ತದೆ. ಬಿಡಿಸಿದ ಮೇಲೆ ಕಣದಲ್ಲಿ ತೆಳ್ಳಗೆ ಹರಡಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಮತ್ತೆ ಹರಡಬೇಕು. ಕಾಯಿಯಲ್ಲಿನ ತೇವ ಶೇಕಡಾ 8ರ ಆಸುಪಾಸಿಗೆ ಇಳಿಯುವುದು ಗುರಿ. ಅಳೆಯುವ ಯಂತ್ರವಿಲ್ಲದವರು ಕಾಯನ್ನು ಕಿವಿಯ ಬಳಿ ಅಲುಗಿಸಿ ನೋಡಬಹುದು; ಒಳಗಿನ ಬೀಜ ಗಲಗಲ ಸದ್ದು ಮಾಡಬೇಕು ಮತ್ತು ಬೀಜವನ್ನು ಉಜ್ಜಿದರೆ ಸಿಪ್ಪೆ ಸುಲಭವಾಗಿ ಬಿಡಬೇಕು. ಸಿಪ್ಪೆ ಸುಲಿಯುವುದು ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿ ಒಣಗಿಸಿದ ಶ್ರಮವನ್ನೆಲ್ಲ ಕೆಡಿಸುತ್ತದೆ. ಒಡೆದ, ಹುಳು ಕೊರೆದ, ಮುದುಡಿದ, ಬಣ್ಣ ಕೆಟ್ಟ ಕಾಳುಗಳನ್ನು ಆರಿಸಿ ಹೊರಗಿಡಬೇಕು. ವಿಷದ ಬಹುಭಾಗ ಇಂಥ ಕೆಲವೇ ಕಾಳುಗಳಲ್ಲಿ ಅಡಗಿರುತ್ತದೆ.

ಹಾಗೆ ಆರಿಸಿದ ಕಾಳನ್ನು ಏನು ಮಾಡಬೇಕು ಎಂಬುದು ಮುಖ್ಯ ಪ್ರಶ್ನೆ. ಗಾಣಕ್ಕೆ ಕೊಡಬಾರದು, ಏಕೆಂದರೆ ಶುದ್ಧೀಕರಿಸದ ಎಣ್ಣೆಯಲ್ಲಿ ವಿಷ ಉಳಿಯಬಹುದು. ಎಮ್ಮೆಗೆ ಹಾಕಬಾರದು, ಏಕೆಂದರೆ ವಿಷ ರೂಪ ಬದಲಿಸಿ ಹಾಲಿನಲ್ಲಿ ಬರುತ್ತದೆ, ಆ ಹಾಲನ್ನು ಕುದಿಸಿದರೂ ಉಳಿಯುತ್ತದೆ, ಕುಡಿಯುವವರು ಮಕ್ಕಳು. ಹುಗಿಯುವುದೇ ಸರಿ. ‘ದನಕ್ಕಾದರೂ ಆಗಲಿ’ ಎಂಬ ಮಿತವ್ಯಯ ಬೇರೆ ಎಲ್ಲೆಡೆ ಒಳ್ಳೆಯದೇ, ಬೂಷ್ಟು ಹಿಡಿದ ಕಾಳಿನ ವಿಷಯದಲ್ಲಿ ಮಾತ್ರ ಅಲ್ಲ.

ಮೆಣಸಿನಕಾಯಿಗೂ ಇದೇ ಶಿಲೀಂಧ್ರದ ಕಾಟವಿದೆ. ಹಣ್ಣನ್ನು ಬರಿ ನೆಲದ ಮೇಲೆ ಹರಡದೆ ತಾಡಪತ್ರಿ ಅಥವಾ ಸಿಮೆಂಟ್ ಕಣದ ಮೇಲೆ ಹರಡಿ, ತೇವ ಶೇಕಡಾ 10ರಷ್ಟಾಗುವವರೆಗೆ ಒಣಗಿಸಬೇಕು. ಚೀಲಕ್ಕೆ ತುಳಿದು ತುಂಬುವಾಗ ಒಡೆಯದಿರಲೆಂದು, ತೂಕವೂ ಬರಲೆಂದು ನೀರು ಚಿಮುಕಿಸುವ ರೂಢಿ ಮಾರುಕಟ್ಟೆಯಲ್ಲಿ ಇದೆ. ಮನೆಯ ಬಳಕೆಗೆ ಕೊಳ್ಳುವವರು ತೊಟ್ಟಿನ ಬಳಿ ಒಂದೆರಡು ಕಾಯಿ ಮುರಿದು ಒಳಗೆ ಬೂದು ಅಥವಾ ಹಸಿರು ಪುಡಿ ಇದೆಯೇ ಎಂದು ನೋಡಿಯೇ ಕೊಳ್ಳಬೇಕು. ಹಸಿ ಕೆಂಪು ಮೆಣಸಿನಕಾಯಿಯ ಚಟ್ನಿಯಾದ ರಂಜಕ ಕೆಡದಿರುವುದು ಉಪ್ಪು ಮತ್ತು ನಿಂಬೆಹುಳಿಯ ಬಲದಿಂದ. ಉಪ್ಪು ಕಡಿಮೆ ಮಾಡಿ ಆರೋಗ್ಯಕರ ರಂಜಕ ಮಾಡುವವರು ಅದನ್ನು ಫ್ರಿಜ್‌ನಲ್ಲಿಡಬೇಕು.

ಜೋಳ ತುಂಬುವ ನೆಲದಡಿಯ ಗುಂಡಿ, ಅಂದರೆ ಹಗೇವು, ಈಗ ಕಡಿಮೆಯಾಗಿದ್ದರೂ ಎಚ್ಚರಿಕೆಯ ಮಾತು ಹೇಳಲೇಬೇಕು. ಮುಚ್ಚಿದ ಹಗೇವಿನಲ್ಲಿ ಕಾಳು, ಹುಳು ಮತ್ತು ಶಿಲೀಂಧ್ರಗಳ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುವುದು ಅದರಿಂದಲೇ, ತೆರೆದ ಕೂಡಲೇ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಬಾಯಿ ತೆರೆದು ಸಾಕಷ್ಟು ಗಾಳಿಯಾಡಿಸದೆ, ಮೇಲೆ ಹಗ್ಗ ಹಿಡಿದವರಿಲ್ಲದೆ ಯಾರೂ ಇಳಿಯಬಾರದು. ಬಿದ್ದವರನ್ನು ಎತ್ತಲು ಹಾಗೆಯೇ ಧುಮುಕಬಾರದು. ಗೋಬರ್ ಗ್ಯಾಸ್ ಗುಂಡಿಗೂ ಇದೇ ಮಾತು.

ಹಂತ 6: ಬೀಜಕ್ಕೆ ಸೂಕ್ಷ್ಮಜೀವಿ ಲೇಪಿಸುವುದು

ತೊಗರಿ, ಕಡಲೆ, ಶೇಂಗಾಗಳ ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಬಳಸಲಾರದು. ಆದರೆ ಪ್ರತಿ ಬೆಳೆಗೂ ಹೊಂದುವ ತಳಿ ಬೇರೆ. ಕಡಲೆಯ ಪೊಟ್ಟಣವನ್ನು ತೊಗರಿಗೆ ಬಳಸಿದರೆ ಫಲವಿಲ್ಲ. ಪೊಟ್ಟಣವನ್ನು ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಬೆಳೆಯ ಹೆಸರು ಮತ್ತು ಅವಧಿ ಮುಗಿಯುವ ತಾರೀಖು ನೋಡಿ ತೆಗೆದುಕೊಳ್ಳಬೇಕು. ಅದು ಗೊಬ್ಬರವಲ್ಲ, ಜೀವಂತ ಸರಕು: ಬಿಸಿಲಿಗೆ ನಿಲ್ಲಿಸಿದ ಬೈಕಿನ ಪೆಟ್ಟಿಗೆಯಲ್ಲೋ ತಗಡಿನ ಮನೆಯ ಅಟ್ಟದಲ್ಲೋ ಇಟ್ಟರೆ ಬಿತ್ತುವ ಮುನ್ನವೇ ಸತ್ತಿರುತ್ತದೆ. ಜೈವಿಕ ಗೊಬ್ಬರದಿಂದ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಅನೇಕರು ಬಿತ್ತಿದ್ದು ಇಂಥ ಸತ್ತ ಪುಡಿಯನ್ನೇ ಇರಬೇಕೆಂಬುದು ಈ ಲೇಖಕನ ಅನುಮಾನ.

ಅರ್ಧ ಲೀಟರ್ ನೀರಿನಲ್ಲಿ 50 ಗ್ರಾಂ ಬೆಲ್ಲ ಕರಗಿಸಿ, ಕುದಿಸಿ, ಪೂರ್ತಿ ಆರಿಸಿಕೊಳ್ಳಿ. 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿಯ ಲೆಕ್ಕದಲ್ಲಿ ಈ ಪಾಕಕ್ಕೆ ಕಲಸಿ, ನೆರಳಿನಲ್ಲಿ ತಾಡಪತ್ರಿಯ ಮೇಲೆ ಹರಡಿದ ಬೀಜಕ್ಕೆ ಚಿಮುಕಿಸಿ, ಪ್ರತಿ ಬೀಜಕ್ಕೂ ಕಪ್ಪು ಲೇಪ ಹತ್ತುವಂತೆ ಹಗುರವಾಗಿ ಕೈಯಾಡಿಸಿ. ಶೇಂಗಾ ಬೀಜದ ಸಿಪ್ಪೆ ಸುಲಿದರೆ ಮೊಳಕೆ ಕೆಡುವುದರಿಂದ ಅದಕ್ಕೆ ಪಾಕ ಕಡಿಮೆ ಇರಲಿ. ಅರ್ಧ ಗಂಟೆ ನೆರಳಿನಲ್ಲಿಯೇ ಒಣಗಿಸಿ ಅದೇ ದಿನ ಬಿತ್ತಬೇಕು. ರಾಸಾಯನಿಕ ಬೀಜೋಪಚಾರವೂ ಇದ್ದರೆ ಮೊದಲು ಶಿಲೀಂಧ್ರನಾಶಕ, ಆಮೇಲೆ ಕೀಟನಾಶಕ, ಕಟ್ಟಕಡೆಗೆ ರೈಜೋಬಿಯಂ ಎಂಬ ಕ್ರಮ ತಪ್ಪಬಾರದು. ತೊಗರಿಯ ಸೊರಗು ರೋಗವೂ ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ; ಅದನ್ನು ಹತ್ತಿಕ್ಕಲು ಇನ್ನೊಂದು ಶಿಲೀಂಧ್ರವಾದ ಟ್ರೈಕೊಡರ್ಮಾವನ್ನು ಕಿಲೋ ಬೀಜಕ್ಕೆ 4 ಗ್ರಾಂನಂತೆ ಲೇಪಿಸುತ್ತಾರೆ. ಟ್ರೈಕೊಡರ್ಮಾ ಬಳಸುವವರು ಅದೇ ಬೀಜಕ್ಕೆ ಕಾರ್ಬೆಂಡಾಜಿಮ್‌ನಂಥ ಶಿಲೀಂಧ್ರನಾಶಕ ಹಾಕಬಾರದು, ಟ್ರೈಕೊಡರ್ಮಾ, ಫ್ಯುಸೇರಿಯಂ ಎರಡೂ ಶಿಲೀಂಧ್ರವೇ ಆದ್ದರಿಂದ ಔಷಧಿಗೆ ಭೇದ ತಿಳಿಯುವುದಿಲ್ಲ.

ಬಿತ್ತಿದ ಆರು ವಾರಗಳಲ್ಲಿ ಪರೀಕ್ಷೆ ಮಾಡಬಹುದು. ಒಂದೆರಡು ಗಿಡಗಳನ್ನು ಮಣ್ಣುಸಹಿತ ಅಗೆದು, ಬೇರು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಅಥವಾ ನಸುಗೆಂಪು ಬಣ್ಣವಿರಬೇಕು. ಬಿಳಿ, ಹಸಿರು ಅಥವಾ ಕಂದು ಗಂಟು ಕೆಲಸ ಮಾಡುತ್ತಿಲ್ಲ.

ತಿಪ್ಪೆಯ ವಿಷಯ ಚಿಕ್ಕದು. ಬಿಸಿಲಿಗೆ ಒಣಗಿದ ತಿಪ್ಪೆಯಲ್ಲಿ ಸೂಕ್ಷ್ಮಜೀವಿಗಳು ಕೆಲಸ ನಿಲ್ಲಿಸುತ್ತವೆ, ಆದ್ದರಿಂದ ನೆರಳು ಮಾಡಿ, ಹಿಂಡಿದರೆ ಹನಿ ಮಾತ್ರ ಜಿನುಗುವಷ್ಟು ತೇವ ಉಳಿಸಿ, ತಿಂಗಳಿಗೊಮ್ಮೆ ಮಗುಚಬೇಕು. ಸರಿಯಾಗಿ ಕೊಳೆಯುವ ರಾಶಿಯ ಒಳಗೆ 55 ಡಿಗ್ರಿ ಮೀರಿ ಬಿಸಿ ಹುಟ್ಟಿ ಕಳೆಬೀಜ ಮತ್ತು ಅನೇಕ ರೋಗಾಣುಗಳು ಸಾಯುತ್ತವೆ.

ಹಂತ 7: ರೋಗ ಬಂದಾಗ ಮೊದಲ ಗಂಟೆಗಳಲ್ಲಿ ಮಾಡಬೇಕಾದದ್ದು

ವಾಂತಿಭೇದಿಯಲ್ಲಿ ಕೊಲ್ಲುವುದು ಹೆಚ್ಚಾಗಿ ನೀರು ಮತ್ತು ಲವಣದ ನಷ್ಟ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ ಉಪ್ಪುಗಳ ದ್ರಾವಣ ಕುಡಿಸಿ ಅಪಾರ ಜನರನ್ನು ಉಳಿಸಿದರು. ಪೊಟ್ಟಣದ ಓಆರ್‌ಎಸ್ ಸಿಕ್ಕರೆ ಅದನ್ನು ಸೂಚಿಸಿದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಪೂರ್ತಿ ಪೊಟ್ಟಣ ಕಲಸಬೇಕು. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಆದ್ದರಿಂದ ಅಂದಾಜಿನಲ್ಲಿ ಚಿಟಿಕೆ ಹಾಕಬಾರದು. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ ಅದರ ಇಮ್ಮಡಿಯನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಿ, 24 ಗಂಟೆ ಕಳೆದ ದ್ರಾವಣವನ್ನು ಚೆಲ್ಲಬೇಕು. ಆಶಾ ಕಾರ್ಯಕರ್ತೆಯರಲ್ಲಿ ಸಿಗುವ ಸತುವಿನ ಮಾತ್ರೆಯನ್ನು ಭೇದಿ ನಿಂತ ಮೇಲೂ 14 ದಿನ ಪೂರ್ತಿ ಕೊಡಬೇಕು. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲಾರದಾದರೆ ಆಸ್ಪತ್ರೆಗೆ ಹೊರಡಬೇಕು, ದಾರಿಯಲ್ಲಿಯೂ ಕುಡಿಸುತ್ತಿರಬೇಕು.

ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್‌ನ ಹೊರಕವಚ ಕೊಬ್ಬಿನದಾದ್ದರಿಂದ ಸಾಬೂನು ಅದನ್ನು ಒಡೆಯುತ್ತದೆ. ಖಾರದ ಪುಡಿ, ಸುಣ್ಣ, ಅರಿಶಿನ ತುಂಬುವುದು ಗಾಯವನ್ನು ಕೆರಳಿಸುತ್ತದೆಯೇ ಹೊರತು ವೈರಸ್ಸನ್ನು ತಡೆಯುವುದಿಲ್ಲ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ವೈದ್ಯರು ಬರೆದುಕೊಟ್ಟ ಎಲ್ಲ ದಿನಗಳಂದೂ ತಪ್ಪದೆ ಹಾಕಿಸಿಕೊಳ್ಳಬೇಕು. ರಕ್ತ ಬಂದ ಗಾಯವಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ಸನ್ನು ಎದುರಿಸುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕೇ ಎಂದು ಕೇಳಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆಯೇ ಇಲ್ಲ. ಕುಡುಗೋಲು, ಮುಳ್ಳು, ಕುಂಟೆಯ ಗಾಯಕ್ಕೆ ಮಣ್ಣು ಅಥವಾ ಸಗಣಿ ತಾಗಿದ್ದರೆ ಧನುರ್ವಾಯು ಲಸಿಕೆಯ ವಿಷಯವನ್ನೂ ಅಂದೇ ವಿಚಾರಿಸಬೇಕು, ಏಕೆಂದರೆ ಅದರ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಪ್ರತಿಜೈವಿಕ ಔಷಧಿಗಳ ಬಳಕೆಯಲ್ಲಿಯೂ ಕ್ರಮವಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿಯಂ ಎಂಬ ಬೂಷ್ಟಿನಿಂದ ಕಂಡುಕೊಂಡ ಪೆನಿಸಿಲಿನ್ ಮೊದಲಾಗಿ ಈ ಔಷಧಿಗಳಲ್ಲಿ ಅನೇಕವು ಸೂಕ್ಷ್ಮಜೀವಿಗಳ ಕೊಡುಗೆಯೇ. ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ನೆಗಡಿ, ಡೆಂಗಿ ಮತ್ತು ಮಕ್ಕಳ ಬಹುತೇಕ ಭೇದಿಗೆ ಕಾರಣವಾಗುವ ವೈರಸ್‌ಗಳ ಮೇಲೆ ಅವುಗಳ ಪ್ರಭಾವವಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಅಂಗಡಿಯವನು ಎರಡು ದಿನದ ಮಾತ್ರೆ ಕತ್ತರಿಸಿ ಕೊಟ್ಟರೂ ತೆಗೆದುಕೊಳ್ಳಬಾರದು. ವೈದ್ಯರು ಹೇಳಿದಷ್ಟು ದಿನ ನುಂಗದೆ ಜ್ವರ ಬಿಟ್ಟ ಕೂಡಲೇ ನಿಲ್ಲಿಸಿದರೆ, ವಿಶೇಷವಾಗಿ ಕನಿಷ್ಠ ಆರು ತಿಂಗಳ ಕ್ಷಯರೋಗದ ಚಿಕಿತ್ಸೆಯಲ್ಲಿ, ಉಳಿದ ಬಲಿಷ್ಠ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗಿ ಮನೆಯವರಿಗೂ ಹರಡುತ್ತವೆ. ಆಸ್ಪತ್ರೆಗೆ ಹೋಗುವಾಗ ಈಗಾಗಲೇ ನುಂಗಿದ ಮಾತ್ರೆಗಳ ಖಾಲಿ ಪಟ್ಟಿ, ಭೇದಿ ಅಥವಾ ಜ್ವರ ಶುರುವಾದ ಸಮಯ, ಕುಡಿದ ನೀರಿನ ಮೂಲ ಮತ್ತು ಹಿಂದಿನ ದಿನ ಉಂಡ ಆಹಾರದ ವಿವರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ; ಒಂದೇ ಓಣಿಯ ಮೂರ್ನಾಲ್ಕು ಮನೆಗಳಲ್ಲಿ ಒಟ್ಟಿಗೆ ಭೇದಿ ಕಂಡರೆ ಆ ಚೀಟಿಯ ಜೊತೆಗೆ ಗ್ರಾಮ ಪಂಚಾಯಿತಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಂದೇ ತಿಳಿಸಿ, ಓಣಿಯ ನಲ್ಲಿ ನೀರು ಕುಡಿಯುವುದನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ನಿಲ್ಲಿಸಿ.